ಕಪಾಟಿನ ವಾಸನೆಯ ದೋಸೆ

ಸ್ಥಳ: ಊರು
ಜೂನ್ ೪, ಗುರುವಾರ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಸೋದರ ಸೊಸೆ ಶ್ರಾವ್ಯಾಳಿಗೆ ಚೆನ್ನಯ ಮಾಮನ ಪ್ರೀತಿಯ ಆಶೀರ್ವಾದ.

ಇಲ್ಲಿ ಊರಿನಲ್ಲಿ ಎಲ್ಲರೂ ಸೌಖ್ಯ. ತೆಂಗಿನ ಮರಗಳು ಇದ್ದಲ್ಲೇ ಇವೆ. ಸಮುದ್ರದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿದೆ. ನಮ್ಮ ಮನೆಯ ದೈವದ ನೇಮದ ಗೌಜಿಯಲ್ಲಿ ನನಗೆ ಕೂರಲೂ ಪುರುಸೊತ್ತಿಲ್ಲ.

ಸಾಕು. ಇಷ್ಟು ಬರೆಯುವಷ್ಟರಲ್ಲಿ ಮೂಗಿನ ತುದಿಯಿಂದ ಬೆವರು ಬಿದ್ದು ‘ಸಮುದ್ರ’ ಅಳಿಸಿಹೋಯಿತು. ನಿನ್ನ ಹತ್ತಿರ ಸುಳ್ಳು ಹೇಳಿ ಪ್ರಯೋಜನವಿಲ್ಲ ಮಾರಾಯ್ತಿ. ಚಾಕಲೇಟು ಯಾವ ಮುಷ್ಟಿಯಲ್ಲಿದೆ ಎಂದು ನನ್ನ ಮುಖ ನೋಡಿಯೇ ಹೇಳುತ್ತಿದ್ದವಳು ನೀನು. ಮೇಲೆ ಬರೆದ ‘ಊರು’ ಎಂಬುದಕ್ಕೆ ನೀನೇ ಒಂದು ಗೀಟು ಹಾಕಿಕೋ. ನಾನಿರುವುದು ಇಲ್ಲೇ ಮುಂಬಯಿಯಲ್ಲಿ, ಜೋಗೇಶ್ವರಿಯ ನಮ್ಮ ಹೋಟೆಲಿನ ಒಳಗೆ, ಇಳಿಸಿದ ಶಟರಿನ ಈಚೆ. ಬೀಗ ಬಿದ್ದಿರುವುದು ಆಚೆ. ಶಟರಿನ ಮೇಲೆ ನಾನೇ ಬರೆದು ಅಂಟಿಸಿದ ಕಾಗದ: ‘ಊರಿನಲ್ಲಿ ದೈವದ ನೇಮ ಇರುವ ಕಾರಣ ಹೋಟೆಲ್ ಬಂದ್.’ ಅಕ್ಷರ ಮಾತ್ರ ಮುತ್ತಿನ ಹಾಗೆ ಬಂದಿದೆ. ಏಳನೇ ಕ್ಲಾಸಿನಲ್ಲಿ ನಮ್ಮ ಮಾಸ್ಟ್ರು ನನ್ನ ಕಾಪಿ ಪುಸ್ತಕವನ್ನು ಇಡೀ ಶಾಲೆಗೆ ತೋರಿಸಿದ್ದರು, ಗೊತ್ತುಂಟಲ್ಲ? ಅದರಾಚೆ ತೋರಿಸಲು ಎಂಟನೇ ಕ್ಲಾಸಿಗೆ ನಾನು ಹೋಗಲಿಲ್ಲ, ಅದು ಬೇರೆ ವಿಷಯ.

ಈ ಕಾಗದವನ್ನು ನಿನ್ನ ಅಮ್ಮನ ಹತ್ತಿರ ಓದಿಸಬೇಡ. ನಿನಗೆ ಕನ್ನಡ ಓದುವುದು ನಿಧಾನ ಎಂದು ಗೊತ್ತು. ಅದಕ್ಕೇ ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ತಂಗಿ ವಾರಿಜನಿಗೆ ಇದು ಗೊತ್ತಾದರೆ ನಿಮ್ಮ ಭಾಂಡುಪಿನಿಂದ ಊರಿನವರೆಗೂ ಸುದ್ದಿ ಮುಟ್ಟಿಸುತ್ತಾಳೆ.

ಇನ್ನು ಕಥೆಗೆ ಬರುತ್ತೇನೆ. ಆ ಸಭೆಯ ದಿನ ನೀನು ಎದ್ದು ಹೋದೆಯಲ್ಲ, ಅಲ್ಲಿಂದ.

ಎಲ್ಲೋ ಯಾರೋ ಯುದ್ಧ ಮಾಡಿದರು, ಗ್ಯಾಸಿನ ಹಡಗುಗಳು ನಡುನೀರಿನಲ್ಲಿ ನಿಂತವು, ಹೋಟೆಲಿನ ಸಿಲಿಂಡರ್ ಬರುವುದು ನಿಂತಿತು. ಅಂಧೇರಿಯಲ್ಲಿ ನಮ್ಮ ಹೋಟೆಲಿನವರ ಸಂಘದ ಸಭೆ ಕರೆದರು. ನಾನು ನಿನ್ನನ್ನು ಕರೆದುಕೊಂಡು ಹೋದದ್ದು, ಸತ್ಯ ಹೇಳುತ್ತೇನೆ, ‘ನನ್ನ ಸೊಸೆ, ದೊಡ್ಡ ಕಂಪೆನಿಯಲ್ಲಿದ್ದಾಳೆ’ ಎಂದು ನಾಲ್ಕು ಜನರಿಗೆ ತೋರಿಸಲಿಕ್ಕೆ. ನೀನು ಬಾಯಿ ತೆರೆದು ಮಾತಾಡುತ್ತಿ ಎಂದು ನಾನೇನು ಕನಸು ಕಂಡಿದ್ದೆನಾ? ನೀನು ಎದ್ದು ನಿಂತು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದೆ: ಮೆನು ಅರ್ಧ ಮಾಡಿ. ಇಡ್ಲಿ, ಸಾಂಬಾರು ಕರೆಂಟಿನ ಮೇಲೆ ಬೇಯಿಸಿ, ಸಿಗುವ ಒಂದೋ ಎರಡೋ ಸಿಲಿಂಡರನ್ನು ದೋಸೆಗೆ ಮಾತ್ರ ಇಡಿ. ಸಣ್ಣ ಹೋಟೆಲಿನವರು ನಾಲ್ಕು ಮಂದಿ ಸೇರಿ ಒಂದೇ ಅಡುಗೆಮನೆ ನಡೆಸಿ, ಬೇಯಿಸಿದ್ದನ್ನು ಹಂಚಿಕೊಳ್ಳಿ. ಜಾಗ ಬೇಕಾದರೆ ನಮ್ಮ ಮಾಮನ ಹೋಟೆಲಿದೆ, ಅಲ್ಲಿ ದೊಡ್ಡ ಕರೆಂಟಿನ ತ್ರೀ ಫೇಸ್ ಲೈನಿದೆ.

ಜನ ಕೇಳುತ್ತಿದ್ದರು. ನನ್ನನ್ನಲ್ಲ, ನಿನ್ನನ್ನು. ಅದು ನನಗೆ ಹಿಡಿಸಲಿಲ್ಲ, ಅಷ್ಟೇ. ಎದ್ದು ಹೇಳಿದೆ: “ನನ್ನ ಸಾಂಬಾರು ಪ್ರಶಾಂತನ ಹೋಟೆಲಿನಲ್ಲಿ ಸಿಗುವುದಾದರೆ ಗಿರಾಕಿ ನನ್ನಲ್ಲಿಗೆ ಎಂತಕ್ಕೆ ಬರಬೇಕು, ನನ್ನ ಚಂದ ನೋಡಲಿಕ್ಕಾ? ಕರೆಂಟಿನ ಇಡ್ಲಿ ತಿಂದು ಗಿರಾಕಿಗೆ ಶಾಕ್ ಹೊಡೆದರೆ ಇವಳು ಬಿಡಿಸುತ್ತಾಳಾ?” ಸಭೆಯೆಲ್ಲ ನಕ್ಕಿತು. ಆ ನಗುವಿನ ಅಮಲಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. “ಯುದ್ಧ ವರ್ಷಗಟ್ಟಲೆ ನಡೆಯಲಿ, ಚೆನ್ನಯನ ಶಟರು ಒಂದು ದಿನ ಇಳಿದರೆ ಕೇಳಿ. ನನ್ನ ಹತ್ತಿರ ಬೇರೆ ಉಪಾಯ ಉಂಟು. ಬೇಕಾದರೆ ಬಂದು ನೋಡಿ ಕಲಿಯಿರಿ!” ಸಂಘದ ಸೆಕ್ರೆಟರಿ ಪ್ರಶಾಂತ, ಆ ಬಿಳಿ ಶೂಸಿನವ, “ಬರುತ್ತೇವೆ ಚೆನ್ನಯಣ್ಣ, ಖಂಡಿತ ಬರುತ್ತೇವೆ” ಎಂದ. ತಿರುಗಿ ನೋಡಿದರೆ ನಿನ್ನ ಕುರ್ಚಿ ಖಾಲಿ.

ಉಪಾಯ ಏನೆಂದು ನಿನಗೂ ಹೇಳಿರಲಿಲ್ಲ. ಹೊಟ್ಟಿನ ಒಲೆ! ನೀನು ನೋಡಿರಲಿಕ್ಕಿಲ್ಲ. ನಾನು ಮೊದಲು ಲೋಟ ತೊಳೆದ ಊರಿನ ಹೋಟೆಲಿನಲ್ಲಿ ಅದೇ ಇತ್ತು. ತಗಡಿನ ಡಬ್ಬದ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಒತ್ತಿ ಒತ್ತಿ ತುಂಬಬೇಕು. ಬಾಟ್ಲಿಯನ್ನು ಮೆಲ್ಲ ಎಳೆದು, ಕೆಳಗಿನ ತೂತಿನಿಂದ ಬೆಂಕಿ ತೋರಿಸಿದರೆ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೆ ಗುಂಯ್ ಎಂದು ಉರಿಯುತ್ತದೆ. ಪಕ್ಕದ ಗಾಲಾದ ಶೆಡ್ಡಿನಲ್ಲಿ ಹಿತೇಶ್ ಭಾಯಿ ಕಪಾಟು ಮಾಡುತ್ತಾನಲ್ಲ, ಅವನ ಕಾರ್ಖಾನೆಯ ಹೊಟ್ಟನ್ನು ಎಸೆಯಲು ಅವನೇ ಜನ ಹುಡುಕುತ್ತಿದ್ದ. ನಾನು ಗೋಣಿಗಟ್ಟಲೆ ತುಂಬಿಸಿ ತಂದೆ. ದೋಸೆ ಹುಯ್ಯುವ ನಮ್ಮ ದೂಜ ಮಾತ್ರ ಹೊಟ್ಟನ್ನು ಮೂಸಿ ನೋಡಿ, “ಧಣಿ, ಇದಕ್ಕೆ ಮರದ ಪರಿಮಳ ಇಲ್ಲವಲ್ಲ” ಎಂದ. “ನಿನಗೆ ಶೀತ ಆಗಿದೆ” ಎಂದೆ.

ಒಲೆ ಏನೋ ಉರಿಯಿತು ಮಗಾ. ಚಂದ ಉರಿಯಿತು. ಆದರೆ ಊರಿನ ಹೊಟ್ಟು ಹಲಸಿನ ಮರದ್ದು, ಹೆಬ್ಬಲಸಿನದ್ದು. ಇಲ್ಲಿಯದು ಪ್ಲೈವುಡ್ಡಿನದ್ದು. ಅದರಲ್ಲಿ ಮರಕ್ಕಿಂತ ಅಂಟೇ ಹೆಚ್ಚು. ಹೊಗೆ ಹೋಗಿ ಸಾಂಬಾರಿನಲ್ಲಿ ಕೂತಿತು, ಚಟ್ನಿಯಲ್ಲಿ ಕೂತಿತು, ದೋಸೆಯಲ್ಲಂತೂ ಕಾಲು ಚಾಚಿ ಮಲಗಿತು. ಮೊದಲ ಗಿರಾಕಿ ಹಿತೇಶನೇ. ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಯೋಚನೆ ಮಾಡಿ ಹೇಳಿದ: “ಚೆನ್ನಯ ಸೇಟ್, ಯೇ ತೋ ಮೇರಾ ಹೀ ಕಪಾಟ್ ಹೈ!”

ಮಧ್ಯಾಹ್ನದೊಳಗೆ ಇಡೀ ಓಣಿಯಲ್ಲಿ ಅದೇ ಮಾತು: ಚೆನ್ನಯನ ದೋಸೆಗೆ ಹಿತೇಶನ ಕಪಾಟಿನ ವಾಸನೆ. ಒಬ್ಬ ಬಂದು ‘ಎರಡು ಬಾಗಿಲಿನ ಮಸಾಲೆ ದೋಸೆ’ ಕೇಳಿದ. ಮೇಲಿನ ಮಾಳಿಗೆಯ ಮನೆಗಳಲ್ಲಿ ಕೆಮ್ಮು ಸುರುವಾಯಿತು. ಬಿಲ್ಡಿಂಗಿನ ಚೇರ್ಮನ್ ಇಳಿದು ಬಂದು, ಇನ್ನೊಮ್ಮೆ ಹೊಗೆ ಕಂಡರೆ ಮುನ್ಸಿಪಾಲಿಟಿಯವರನ್ನು ಕರೆಯುತ್ತೇನೆ ಎಂದು ಬೆರಳು ತೋರಿಸಿದ. ಒಲೆಗೆ ನಾನೇ ನೀರು ಹೊಯ್ದೆ. ಆಗ ಎದ್ದ ಹೊಗೆಯ ಬಗ್ಗೆ ಬರೆಯುವುದಿಲ್ಲ, ಬಿಡು.

ಅದೇ ಹೊತ್ತಿಗೆ ಫೋನು: ಪ್ರಶಾಂತ. ನಾಳೆ ಬೆಳಿಗ್ಗೆ ನಾಲ್ಕು ಮಂದಿ ನಿಮ್ಮ ಉಪಾಯ ನೋಡಲು ಬರುತ್ತೇವೆ ಎಂದ. ನನ್ನ ಬಾಯಿಗೆ ತಟ್ಟನೆ ಬಂದದ್ದು ನೇಮ. “ಅಯ್ಯೋ, ನಾನು ಊರಿಗೆ ಹೊರಟಾಯ್ತಲ್ಲ, ಮನೆಯ ದೈವದ ನೇಮ!” ದೈವದ ಹೆಸರು ಹೇಳಿದರೆ ನಮ್ಮವರು ಯಾರೂ ಎದುರು ಮಾತಾಡುವುದಿಲ್ಲ ಎಂದು ನನ್ನ ಲೆಕ್ಕ.

ಸುಳ್ಳನ್ನಾದರೂ ಹೋಟೆಲಿನ ಕೆಲಸದ ಹಾಗೆ ಅಚ್ಚುಕಟ್ಟಾಗಿ ಮಾಡಬೇಕಲ್ಲ. ನಮ್ಮ ಚಾ ಮಾಡುವ ರೋಶನ್ ಮತ್ತು ಸಪ್ಲಾಯರ್ ಹುಡುಗರಿಗೆ ನಾನು ಊರಿಗೆ ಹೋಗುತ್ತೇನೆ, ನೀವು ಚಾಳಿನ ರೂಮಿನಲ್ಲೇ ಇರಿ ಎಂದೆ. ದೂಜನಿಗೆ ಮಾತ್ರ ಗುಟ್ಟು ಹೇಳಿ, ಅವನ ಕೈಯಲ್ಲಿ ನನ್ನ ಫೋನು ಕೊಟ್ಟು ನಿಜವಾಗಿಯೂ ಊರಿಗೆ ಕಳಿಸಿದೆ. ಯಾಕೆ ಕೇಳು. ಫೋನು ಮುಂಬಯಿಯಲ್ಲಿ ಬಂದ್ ಆಗಿದ್ದರೆ ಒಳಗಿನ ಹೆಂಗಸು ಮರಾಠಿಯಲ್ಲಿ ಹೇಳುತ್ತಾಳೆ. ಊರಿನಲ್ಲಿದ್ದರೆ ‘ನೀವು ಕರೆ ಮಾಡಿರುವ ಚಂದಾದಾರರು’ ಎಂದು ಕನ್ನಡದಲ್ಲಿ ಹೇಳುತ್ತಾಳೆ. ಯಾರಿಗೆ ಸಂಶಯ ಬಂದೀತು? ಇಂಥ ತಲೆ ನಿನ್ನ ಕಂಪೆನಿಯಲ್ಲಿ ಎಷ್ಟು ಜನಕ್ಕಿದೆ?

ದೂಜ ಹೊರಗಿನಿಂದ ಬೀಗ ಹಾಕಿದ. ಹಾಕಿ, ಕೀಲಿಯನ್ನು ಮರೆತು ತನ್ನ ಚೀಲದಲ್ಲೇ ಒಯ್ದುಬಿಟ್ಟ. ಪೆದ್ದ. ಹೀಗೆ ನಾನು ಒಳಗೆ ಉಳಿದೆ.

ಒಳಗೆ ಹೇಗಿರುತ್ತದೆ ಗೊತ್ತಾ? ಮೂವತ್ತು ವರ್ಷ ಈ ಜಾಗದಲ್ಲಿದ್ದೇನೆ, ಇಷ್ಟು ಸಣ್ಣದು ಎಂದು ಗೊತ್ತಿರಲಿಲ್ಲ. ಫ್ಯಾನ್ ಹಾಕಿದರೆ ಹೊರಗೆ ಸದ್ದು ಕೇಳುತ್ತದೆ, ಹಾಕಿದ್ದಿಲ್ಲ. ಲೈಟ್ ಹಾಕಿದರೆ ಶಟರಿನ ಅಡಿಯಿಂದ ಬೆಳಕು ಹೋಗುತ್ತದೆ, ಹಾಕಿದ್ದಿಲ್ಲ. ಅವಲಕ್ಕಿಗೆ ಬೆಲ್ಲ ಹಾಕಿ ತಿನ್ನುತ್ತೇನೆ, ಮೆಲ್ಲಗೆ ಅಗಿಯುತ್ತೇನೆ. ಶಟರಿನ ಅಡಿಯ ಸಂದಿನಲ್ಲಿ ಓಣಿಯ ಕಾಲುಗಳು ಮಾತ್ರ ಕಾಣುತ್ತವೆ. ಚಪ್ಪಲಿ ನೋಡಿಯೇ ಗಿರಾಕಿಯ ಹೆಸರು ಹೇಳಬಲ್ಲೆ ಈಗ. ಬಂದು ನಿಲ್ಲುತ್ತವೆ, ಕಾಗದ ಓದುತ್ತವೆ, ತಿರುಗಿ ಎದುರಿನ ವಡಾ ಪಾವಿನ ಗಾಡಿಗೆ ಹೋಗುತ್ತವೆ. ‘ಏಯ್, ನಾನಿಲ್ಲೇ ಇದ್ದೇನೆ ಮಾರಾಯ’ ಎಂದು ಕೂಗಬೇಕು ಅನಿಸುತ್ತದೆ. ಕೂಗುವ ಹಾಗಿಲ್ಲ. ಕೊರೋನಾದಲ್ಲಿ ಬಾಗಿಲು ಮುಚ್ಚಿಸಿದ್ದು ಸರಕಾರ. ಈಗ ಮುಚ್ಚಿಸಿದ್ದು ನನ್ನ ನಾಲಗೆ. ಸರಕಾರವನ್ನಾದರೂ ಬೈದುಕೊಂಡು ಕೂರಬಹುದಿತ್ತು.

ಹಿಂದಿನ ಓಣಿಯ ಕಡೆ ಒಂದು ಕಿಟಕಿಯಿದೆಯಲ್ಲ, ಕಬ್ಬಿಣದ ಸರಳಿನದು? ಅಲ್ಲಿ ಮಾತ್ರ ಉಸಿರು. ಎದುರಿನ ಚಾಳಿನಲ್ಲಿ ಸೋಮವ್ವ ಇದ್ದಾಳೆ, ವಿಜಯಪುರ ಕಡೆಯವಳು, ಜೋಳದ ರೊಟ್ಟಿ ಬಡಿದು ಆಫೀಸುಗಳಿಗೆ ಕೊಡುವವಳು. ಎರಡನೇ ದಿನವೇ ಅವಳ ಕಣ್ಣಿಗೆ ಬಿದ್ದೆ. “ಯಾಕ್ರೀ ಸೇಟ್ರ, ಊರಿಗೆ ಹೋಗೀರಂತ ಬೋರ್ಡ್ ಹಚ್ಚೀರಿ, ಇಲ್ಲಿ ಇಲಿ ಕುಂತ್ಹಂಗ ಕುಂತೀರಿ?” ಎಂದಳು. ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವಳು ರೊಟ್ಟಿಯನ್ನು ಸುರುಳಿ ಸುತ್ತಿ ಸರಳಿನ ಎಡೆಯಿಂದ ತೂರಿಸಿದಳು. ಜೊತೆಗೆ ಒಂದು ಮಾತು: “ತಿನ್ರಿ. ಆದ್ರ ಹೊರಗ ಬರ್ರಿ ಲಗೂನ. ಗಂಡಸರು ಅಡಿಗಿಮನ್ಯಾಗ ಅಡಗಿ ಕುಂತಿದ್ದು ನಾ ಇದ ಮೊದಲ ನೋಡಿದ್ದು.”

ಅವಳ ಫೋನಿನಿಂದ ನಿನಗೆ ಮಾತಾಡಬಹುದಿತ್ತು. ಆದರೆ ನಿನ್ನ ನಂಬರು ನನಗೆ ಬಾಯಿಪಾಠ ಇಲ್ಲ. ಇದ್ದಿದ್ದರೂ ನೀನು ಕಟ್ ಮಾಡುತ್ತಿದ್ದೆ. ಕಾಗದವನ್ನಾದರೆ ಹರಿದರೂ ತುಂಡು ಜೋಡಿಸಿ ಓದುವವಳು ನೀನು.

ಈಗ ನಿನ್ನೆಯದ್ದು ಹೇಳುತ್ತೇನೆ. ಬೆಳಿಗ್ಗೆ ಶಟರಿನ ಸಂದಿನಲ್ಲಿ ಬಿಳಿ ಶೂಸು ಬಂದು ನಿಂತಿತು. ಹಿಂದೆ ಇನ್ನೂ ಮೂರು ಜೊತೆ ಚಪ್ಪಲಿ. ನಾನು ಉಸಿರು ಬಿಗಿಹಿಡಿದು ಗ್ರೈಂಡರಿನ ಮರೆಯಲ್ಲಿ ಕೂತೆ. ಪ್ರಶಾಂತ ಕಾಗದವನ್ನು ಜೋರಾಗಿ ಓದಿದ.

“ಎಂತದ್ದು ಇದು? ಫೋನಿನಲ್ಲಿ ಹೇಳಿದಾಗ ನನಗೂ ಹೊಳೆಯಲಿಲ್ಲ. ಈಗ ನೇಮವಾ? ಪತ್ತನಾಜೆ ಕಳೆದು ಎಷ್ಟು ದಿನ ಆಯ್ತು! ಚೆನ್ನಯಣ್ಣನ ದೈವಕ್ಕೆ ಮಾತ್ರ ಬೇರೆ ಕ್ಯಾಲೆಂಡರ್ ಉಂಟಾ?”

ನಿನಗೆ ಗೊತ್ತಿರಲಿಕ್ಕಿಲ್ಲ: ಮೇ ತಿಂಗಳ ಕೊನೆಗೆ ಪತ್ತನಾಜೆ ಬರುತ್ತದೆ. ಅಂದು ದೈವಗಳ ಕಾಲಿನ ಗಗ್ಗರ ಬಿಚ್ಚಿಟ್ಟರೆ ಮಳೆಗಾಲ ಮುಗಿಯುವವರೆಗೆ ತುಳುನಾಡಿನಲ್ಲಿ ಎಲ್ಲಿಯೂ ನೇಮವಿಲ್ಲ, ಕೋಲವಿಲ್ಲ. ಹಸುಳೆ ಮಕ್ಕಳಿಗೂ ಗೊತ್ತಿರುವುದು ನನಗೆ ಮರೆತಿತ್ತು. ಊರಿನ ಹೆಸರಿನಲ್ಲಿ ಬಡಾಯಿ ಹೊಡೆಯುತ್ತಾ ಹೊಡೆಯುತ್ತಾ ಊರೇ ಮರೆತುಹೋಗಿದೆ ಎಂದು ಆಗ ಗೊತ್ತಾಯಿತು. ಫೋನಿನ ಹೆಂಗಸು ಕನ್ನಡದಲ್ಲಿ ಎಷ್ಟು ಹೇಳಿ ಏನು?

ನಾಲ್ವರೂ ನಕ್ಕರು. ಒಬ್ಬ, “ಓಡಿ ಹೋಗಿದ್ದಾನೆ, ಜಾಗ ಯಾರಿಗಾದರೂ ನಡೆಸಲು ಕೊಡುತ್ತಾನಾ ಕೇಳಬೇಕು” ಎಂದ. ಆಗ ಪ್ರಶಾಂತ ನಗು ನಿಲ್ಲಿಸಿದ. ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ನಾನು ಆ ಹುಡುಗಿ ಹೇಳಿದ ಹಾಗೇ ಮಾಡಿದ್ದು ಮಾರಾಯ. ಮೆನು ಅರ್ಧ ಮಾಡಿದೆ, ಕರೆಂಟಿನ ಸ್ಟೀಮರ್ ಹಾಕಿದೆ. ಅದಕ್ಕೇ ನನ್ನ ಬಾಗಿಲು ತೆರೆದಿದೆ. ಆದರೆ ನನ್ನ ಲೈನು ಸಣ್ಣದು, ಎಲ್ಲರಿಗೆ ಆಗುವಷ್ಟು ಬೇಯಿಸಲು ಆಗುವುದಿಲ್ಲ. ಇವರ ಅಡುಗೆಮನೆ ಸಿಕ್ಕಿದರೆ ನಾವು ನಾಲ್ಕೂ ಹೋಟೆಲು ಬದುಕುತ್ತೇವೆ. ಆ ಹುಡುಗಿ ನಿಂತು ನಡೆಸುವುದಾದರೆ ನಾನಂತೂ ಬರುತ್ತೇನೆ. ಚೆನ್ನಯಣ್ಣನಿಗೆ ಹೇಳುವವರು ಯಾರು?”

ತ್ರೀ ಫೇಸ್ ಲೈನಿನ ವಿಷಯ ನಿನಗೆ ನೆನಪಿದೆಯಲ್ಲ. ಈ ಜಾಗ ನಾನು ಹಿಡಿಯುವ ಮೊದಲು ಲೇತ್ ಮೆಷಿನಿನ ಕಾರ್ಖಾನೆಯಾಗಿತ್ತು. ಆ ದೊಡ್ಡ ಮೀಟರಿನ ಪೆಟ್ಟಿಗೆ ಈಗಲೂ ಇದೆ. ಅದರ ಮೇಲೆ ನಾನು ಕ್ಯಾಲೆಂಡರ್ ತೂಗುಹಾಕಿದ್ದೆ. ನೀನು ಒಮ್ಮೆ ಬಂದು ಕ್ಯಾಲೆಂಡರ್ ಎತ್ತಿ ನೋಡಿ, “ಮಾಮ, ಇದು ನಿಮ್ಮ ಬಂಗಾರ” ಎಂದಿದ್ದೆ. ನಾನು ಕ್ಯಾಲೆಂಡರಿನ ದೇವರನ್ನು ಹೇಳಿದ್ದು ಎಂದುಕೊಂಡು ಕೈ ಮುಗಿದಿದ್ದೆ.

ನಗು ನಿಲ್ಲಿಸಿದನಲ್ಲ, ಆಗ ಪ್ರಶಾಂತ ಕೆಳಗೆ ನೋಡಿರಬೇಕು. ಬಿಳಿ ಶೂಸು ಒಂದು ಹೆಜ್ಜೆ ಹಿಂದೆ ಸರಿದಿತ್ತು. ದಿನಾ ಬೆಳಿಗ್ಗೆ ಮೊದಲ ಲೋಟ ಚಾವನ್ನು ಹೊಸ್ತಿಲಿನಲ್ಲಿ ಚೆಲ್ಲಿಯೇ ನಾನು ವ್ಯಾಪಾರ ಸುರು ಮಾಡುವುದು. ಈಗ ಚಾ ಇಲ್ಲ, ಒಲೆ ಇಲ್ಲ. ಆದರೂ ಕೈ ಸುಮ್ಮನಿರುವುದಿಲ್ಲ, ನೀರನ್ನಾದರೂ ಚೆಲ್ಲುತ್ತೇನೆ. ಆ ನೀರು ಶಟರಿನ ಅಡಿಯಿಂದ ಹರಿದು ಅವನ ಶೂಸಿಗೆ ಮುಟ್ಟಿತ್ತು. ಅವನು ಅಷ್ಟು ಜೋರಾಗಿ ಮಾತಾಡಿದ್ದು ಯಾರಿಗೆ ಕೇಳಲಿ ಎಂದು? ನಿನ್ನೆಯಿಂದ ಅದನ್ನೇ ಯೋಚನೆ ಮಾಡುತ್ತಿದ್ದೇನೆ.

ಇದೂ ಆಗುತ್ತಿತ್ತು. ಇನ್ನೂ ನಾಲ್ಕು ದಿನ ಮರ್ಯಾದೆ ಹಿಡಿದುಕೊಂಡು ಕೂರುತ್ತಿದ್ದೆನೋ ಏನೋ. ಆದರೆ ಇವತ್ತು ಸಂಜೆ ಸೋಮವ್ವ ಬಂದು ಹೇಳಿದಳು: “ಸೇಟ್ರ, ನಿಮ್ಮ ರೋಶನ್ನು, ಉಳಿದ ಹುಡುಗ್ರು ಶನಿವಾರ ಊರಿಗೆ ಹೊಂಟಾರ. ಗಾಡ್ಯಾಗ ತಿನ್ನಾಕ ರೊಟ್ಟಿ ಕಟ್ಟಿಕೊಡು ಅಂತ ಹೇಳಿ ಹೋಗ್ಯಾರ. ಅಳುಮಾರಿ ಮಾಡಿಕೊಂಡಿದ್ರು.”

ಶ್ರಾವ್ಯಾ, ಗ್ಯಾಸು ಇವತ್ತಲ್ಲ ನಾಳೆ ಬರುತ್ತದೆ. ಹಡಗು ಎಷ್ಟು ದಿನ ನಿಂತೀತು? ಆದರೆ ಊರಿನ ರೈಲು ಹತ್ತಿದ ಕೆಲಸದವರು ವಾಪಸ್ ಬರುವುದಿಲ್ಲ. ಕೊರೋನಾ ಮುಗಿದಾಗ ಒಲೆ ಇತ್ತು, ಗ್ಯಾಸಿತ್ತು, ಗಿರಾಕಿ ಇದ್ದ. ಚಾ ಮಾಡುವವನಿಲ್ಲದೆ, ಲೋಟ ತೊಳೆಯುವವನಿಲ್ಲದೆ, ಎಷ್ಟು ಕಾಲ ನಾನೊಬ್ಬನೇ ಕೌಂಟರಿನಲ್ಲೂ ಮೋರಿಯಲ್ಲೂ ಇದ್ದೆ ಎಂದು ನೀನು ನೋಡಿದ್ದೀ. ಇನ್ನೊಮ್ಮೆ ಅದನ್ನು ಮಾಡುವ ಮೈ ನನ್ನದಲ್ಲ. ಶನಿವಾರ ಮಧ್ಯಾಹ್ನ ಅವರು ಕುರ್ಲಾದಲ್ಲಿ ರೈಲು ಹತ್ತಿದರೆ ಈ ಶಟರು ಇನ್ನು ನನ್ನಿಂದ ಏಳುವುದಿಲ್ಲ.

ಆದ್ದರಿಂದ ನಾನು ನಿನಗೊಂದು ಒಳ್ಳೆಯ ಅವಕಾಶ ಕೊಡಬೇಕೆಂದು ತೀರ್ಮಾನಿಸಿದ್ದೇನೆ. ನಗಬೇಡ. ಸೋಮವ್ವ ನಾಳೆ ಅಂಧೇರಿಗೆ ರೊಟ್ಟಿ ಕೊಡಲು ಹೋಗುವಾಗ ಈ ಲಕೋಟೆಯನ್ನು ನಿನ್ನ ಆಫೀಸಿನ ಗೇಟಿನಲ್ಲಿ ಮುಟ್ಟಿಸುತ್ತಾಳೆ. ನೀನು ಓದಿದ ಕೂಡಲೇ ಪ್ರಶಾಂತನಿಗೆ ಫೋನು ಮಾಡು. ರೋಶನನ ರೂಮಿಗೆ ಹೋಗಿ, ಹೋಟೆಲು ತೆರೆಯುತ್ತದೆ ಎಂದು ಹೇಳು. ನನ್ನ ಮಾತನ್ನು ಅವರು ನಂಬಲಿಕ್ಕಿಲ್ಲ, ನಿನ್ನದನ್ನು ನಂಬುತ್ತಾರೆ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಬಂದು ಹಗಲಿನಲ್ಲೇ, ಇಡೀ ಓಣಿ ನೋಡುವ ಹಾಗೆ ಶಟರು ಎತ್ತು.

ನಾಲ್ಕು ಹೋಟೆಲಿನ ಸಾಂಬಾರು ಇಲ್ಲೇ ಬೇಯಲಿ. ರುಚಿ ಮಾತ್ರ ನನ್ನದಿರಲಿ, ಅದೊಂದು ಹಠ ಬಿಡು. ಪ್ರಶಾಂತನ ಸಾಂಬಾರಿಗೆ ಅವನು ಹಾಕುವ ಬೆಲ್ಲ ನೋಡಿದರೆ ಅದು ಪಾಯಸವೋ ಏನೋ ಎಂದು ಸಂಶಯ ಬರುತ್ತದೆ.

ನಾನು ಇಷ್ಟು ಹೊತ್ತು ಬರೆದದ್ದು ನಮ್ಮ ಮೆನು ಕಾರ್ಡುಗಳ ಹಿಂಬದಿಯಲ್ಲಿ. ತಿರುಗಿಸಿ ನೋಡು. ಪಾವ್ ಭಾಜಿ, ಚೈನೀಸ್, ಪಿಜ್ಜಾ ದೋಸೆ, ಯಾರೂ ಕೇಳದ ಆ ಪೈನಾಪಲ್ ಉಪ್ಪಿಟ್ಟು, ಎಲ್ಲದಕ್ಕೂ ಗೀಟು ಹಾಕಿದ್ದೇನೆ. ಮೊದಲ ಗೀಟು ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಹಾಯೆನಿಸಿತು. ಅರ್ಧಕ್ಕಿಂತ ಹೆಚ್ಚೇ ಹೋಗಿದೆ, ನಿನ್ನ ಲೆಕ್ಕಕ್ಕಿಂತ ನನ್ನದು ಜಾಸ್ತಿ. ಅದರಲ್ಲೂ ನಾನೇ ಗೆದ್ದೆ, ನೋಡು.

ಶಟರು ಏಳುವಾಗ ನಾನು ಮೋರಿಯ ಹತ್ತಿರ ಲೋಟ ತೊಳೆಯುತ್ತಾ ಬೆನ್ನು ಹಾಕಿ ನಿಂತಿರುತ್ತೇನೆ. ಈ ಮುದುಕ ಯಾರು ಎಂದು ಯಾರಾದರೂ ಕೇಳಿದರೆ, ಹೊಸದಾಗಿ ಕೆಲಸಕ್ಕೆ ಸೇರಿದವ, ಸ್ವಲ್ಪ ಬಾಯಿ ಜಾಸ್ತಿ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಹೇಳು. ಮೊದಲ ಚಾ ರೋಶನ್ ಮಾಡಲಿ. ಹೊಸ್ತಿಲಿನಲ್ಲಿ ಚೆಲ್ಲುವುದು ಮಾತ್ರ ನಿನ್ನ ಕೈಯಿಂದ ಆಗಲಿ.

ದಾರಿಯನ್ನಲ್ಲ, ಶಟರಿನ ಸಂದಿನಲ್ಲಿ ನಿನ್ನ ಚಪ್ಪಲಿಯನ್ನು ಕಾಯುತ್ತಿರುವ,
ನಿನ್ನ
ಚೆನ್ನಯ ಮಾಮ

ಮರೆತಿದ್ದೆ: ಲಕೋಟೆಯೊಳಗೆ ಗಟ್ಟಿಯಾಗಿ ಏನೋ ಕೈಗೆ ತಾಗಿರಬೇಕು. ಅದು ಶಟರಿನ ಕೀಲಿ. ದೂಜ ಅದನ್ನು ಮರೆತು ಒಯ್ದ ಎಂದು ಬರೆದೆನಲ್ಲ, ಸುಳ್ಳು. ಬೀಗ ಹಾಕಿದವನೇ ಹಿಂದಿನ ಓಣಿಗೆ ಬಂದು ಕಿಟಕಿಯಿಂದ ನನ್ನ ಕೈಗೆ ಕೊಟ್ಟಿದ್ದ. “ನಿಮ್ಮ ಹತ್ತಿರವೇ ಇರಲಿ ಧಣಿ, ಯಾರನ್ನಾದರೂ ಕರೆಯಬೇಕು ಅನಿಸಿದಾಗ ಬೇಕಾಗುತ್ತದೆ” ಎಂದು ಹೇಳಿಯೇ ಹೋದ. ಸೋಮವ್ವನ ಕೈಗೆ ಕೊಟ್ಟಿದ್ದರೆ ಯಾವತ್ತೋ ಹೊರಗೆ ಬರುತ್ತಿದ್ದೆ. ಇಷ್ಟು ದಿನವೂ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹೊರಗೆ ಬಂದು ಮೊದಲು ಯಾರ ಮುಖ ನೋಡಲಿ ಎಂದು ತಿಳಿಯದೆ ಕೂತಿದ್ದೆ. ಬೀಗ ತೆರೆದ ಮೇಲೆ ಕೀಲಿಯನ್ನು ನನಗೆ ವಾಪಸ್ ಕೊಡಬೇಡ, ನಿನ್ನ ಹತ್ತಿರವೇ ಇಟ್ಟುಕೋ.